ಶೋಕೇಸಿನಲ್ಲಿಟ್ಟ ಕಂಪ್ಯೂಟರ್

ಇವತ್ತು ರಾಜರ ಕಥೆ ಬೇಡ, ನಮ್ಮ ನಿಮ್ಮ ಪೇಟೆಯಲ್ಲೇ ಇರಬಹುದಾದ ಒಬ್ಬ ಸಾಹುಕಾರನ ಕಥೆ ಕೇಳಿ. ಅವನ ಮನೆಯ ಹಾಲ್‌ನಲ್ಲಿ ಗೋಡೆಯಗಲ ಶೋಕೇಸು. ಅದರೊಳಗೆ ಏನಿತ್ತು? ಅವನಿಗೆ ಸನ್ಮಾನ ಮಾಡಿ ಕೊಟ್ಟ ಫಲಕಗಳು, ಯಾರೂ ಒಮ್ಮೆಯೂ ಕಾಫಿ ಕುಡಿಯದ ಪಿಂಗಾಣಿ ಕಪ್ಪುಗಳು. ನಗುತ್ತೀರಾ? ನಿಮ್ಮ ಮನೆಯಲ್ಲೂ ಇವೆ, ನಾನು ನೋಡಿದ್ದೇನೆ.

ಅವನಿಗೆ ಒಬ್ಬಳೇ ಮಗಳು. ಕಂಪ್ಯೂಟರಿನಲ್ಲಿ ಆಟವಾಡುವುದರಲ್ಲಿ ಬಲು ಚುರುಕು. ಗೆಳತಿಯರ ತಂಡ ಕಟ್ಟಿಕೊಂಡು ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಅದಕ್ಕೆ ಬೇಕಾದ ಚಿಕ್ಕ ಕಂಪ್ಯೂಟರನ್ನು ತಾನೇ ಜೋಡಿಸಿಕೊಳ್ಳುತ್ತೇನೆ ಎಂದಳು, ಅಪ್ಪ ಹೂಂ ಅಂದ. ಬಿಡಿಭಾಗಗಳೆಲ್ಲ ಬಂದವು. ಅವನ್ನು ಕೂರಿಸುವ ಪೆಟ್ಟಿಗೆ, ಅದೇ ಕ್ಯಾಬಿನೆಟ್ಟು, ಅದೊಂದು ಉಳಿದಿತ್ತು.

ಅಂಗಡಿಯಲ್ಲಿ ಮಗಳು ಸುತ್ತ ಜಾಲರಿಯಿದ್ದ ಕಪ್ಪು ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟಳು. "ಇದೇ ಸಾಕಪ್ಪಾ. ಚಿಕ್ಕದೂ ಹೌದು, ಗಾಳಿನೂ ಆಡುತ್ತೆ. ಆಟ ಆಡೋವಾಗ ಒಳಗೆ ತುಂಬಾ ಬಿಸಿಯಾಗುತ್ತೆ."

"ಇದೇನೇ, ಕೋಳಿಗೂಡಿನ ಹಾಗಿದೆ! ಬಂದೋರು ಏನಂದಾರು?" ಎಂದು ಸಾಹುಕಾರ ಮುಖ ಸಿಂಡರಿಸಿದ. ಜೇಬಿನಿಂದ ಒಂದು ದಾರ ತೆಗೆದ. ಶೋಕೇಸಿನ ಖಾನೆಯ ಅಳತೆಯನ್ನು ದಾರಕ್ಕೆ ಗಂಟು ಹಾಕಿಕೊಂಡು ಬಂದಿದ್ದ, ನೋಡಿ! ಆ ದಾರಕ್ಕೆ ಸರಿಯಾಗಿ ಸುತ್ತಲೂ ಗಾಜಿದ್ದ, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟು ಕೊಂಡ. ಗಾಳಿಗೆ ಹಿಂದೆ ಒಂದಿಷ್ಟು ಸೀಳು, ಅಷ್ಟೇ. ಅಂಗಡಿಯವನು "ಬಿಸಿ ತಡೆಯಲ್ಲ ಸಾರ್" ಎಂದದ್ದು ಅವನ ಕಿವಿಗೇ ಬೀಳಲಿಲ್ಲ. ಮಗಳಿಗೆ ಎಲ್ಲಕ್ಕಿಂತ ಚೆಂದದ್ದು ತಂದೆನೆಂದು ಅವನ ಎದೆ ಉಬ್ಬಿತ್ತು. ಪ್ರೀತಿ ಇರಲಿಲ್ಲವೇ? ಇತ್ತು. ಇದ್ದದ್ದೇ ಕಷ್ಟವಾಯಿತು.

ಮಗಳು ಜೋಡಿಸಿದ ಕಂಪ್ಯೂಟರನ್ನು ಸಾಹುಕಾರ ಶೋಕೇಸಿನ ಖಾನೆಯೊಳಗೇ ಇಡಿಸಿದ. ಅಂತಿಮ ಪಂದ್ಯದ ದಿನ ಅವಳು ಶೋಕೇಸಿನ ಪಕ್ಕದ ಮೇಜಿನ ಮುಂದೆ ಕೂತು ಆಡುತ್ತಿದ್ದಳು. ಗೆಲುವು ಕೈಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ನೆಂಟರು ಬಂದರು. ಕಂಪ್ಯೂಟರಿನ ಫ್ಯಾನು ಗುಯ್ಯೆನ್ನುತ್ತಿತ್ತು. ಬಂದವರ ಮುಂದೆ ಇದೇನು ಗದ್ದಲ ಎಂದು ಸಾಹುಕಾರ ಶೋಕೇಸಿನ ಗಾಜಿನ ಬಾಗಿಲನ್ನು ಮೆಲ್ಲನೆ ಮುಚ್ಚಿದ. "ಮಗಳಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ ನೋಡಿ" ಎಂದು ದೀಪ ತೋರಿಸುತ್ತಿದ್ದಾಗಲೇ ಕಂಪ್ಯೂಟರ್ ಕಾದು ಕಾದು ಆರಿಹೋಯಿತು. ತಂಡ ಸೋತಿತು.

ಮಗಳು ಅಳಲಿಲ್ಲ. "ಅಪ್ಪಾ, ಇದು ನಂಗೆ ತಂದಿದ್ದಾ, ಇವರಿಗೆ ತೋರಿಸೋಕೆ ತಂದಿದ್ದಾ?" ಎಂದಳು. ಅವನು ನೆಂಟರ ಮುಖ ನೋಡಿದ. ಮಗಳಿಗೆ ಅಷ್ಟು ಸಾಕಾಯಿತು. ಆಮೇಲೆ ಅವಳು ಅದನ್ನು ಮುಟ್ಟಲಿಲ್ಲ, ಅಪ್ಪನ ಹತ್ತಿರ ಏನನ್ನೂ ಕೇಳಲಿಲ್ಲ. ಗೆಳತಿಯರು ಬೇರೊಬ್ಬಳನ್ನು ಸೇರಿಸಿಕೊಂಡರು. ಸಾಹುಕಾರ ಈಗಲೂ ಬಂದವರಿಗೆ ದೀಪ ಹಾಕಿ ತೋರಿಸುತ್ತಾನೆ.

ಎಂಥ ದಡ್ಡ ಅಪ್ಪ ಎನ್ನುತ್ತೀರಾ? ತಾಳಿ. ಮಗನ ಕಾಲೇಜು ನಿಶ್ಚಯಿಸಿದಾಗ ನೀವು ಯಾರ ಬಾಯಿಗೆ ಹೆದರಿದಿರಿ? ಮಗಳ ಮದುವೆಯ ಸೀರೆ ಆರಿಸುವಾಗ ಅವಳ ಮುಖ ನೋಡಿದಿರಾ, ಬೀಗರ ಮುಖ ನೋಡಿದಿರಾ? ನಮ್ಮ ಜಂಬಕ್ಕೆ ಪ್ರೀತಿ ಎಂದು ಹೆಸರಿಟ್ಟು ಮಕ್ಕಳ ತಲೆಗೆ ಕಟ್ಟುತ್ತೇವೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಮಕ್ಕಳಿಗೆ ಏನೇ ತರುವ ಮುಂಚೆ ಅವರನ್ನು ಕೇಳಿ. ಅವರು ಹೇಳಿದ್ದು ನಿಮ್ಮ ಕಣ್ಣಿಗೆ ಚೆಂದ ಕಾಣದಿದ್ದರೂ ಅದನ್ನೇ ತನ್ನಿ. ಅವರ ಕೆಲಸದ ಗದ್ದಲ ಬಂದವರಿಗೂ ಒಂದಿಷ್ಟು ಕೇಳಿಸಲಿ ಬಿಡಿ. ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಅದೇ ಮನೆಯಲ್ಲಿ ನಿಮ್ಮ ಜೊತೆ ಮಾತು ಬಿಟ್ಟು ಬದುಕುವವರು ನಿಮ್ಮ ಮಕ್ಕಳು.