ಇಪ್ಪತ್ತು ನಿಮಿಷದ ಗಂಟೆ

ರಿಪೇರಿ ಅಂಗಡಿಯ ಸಾಲಿನಲ್ಲಿ, ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ಡ್ರಾಯಿಂಗ್ ಮೇಷ್ಟ್ರ ಕಿವಿ ಮುಂದಿದ್ದ ಅಕ್ಕತಂಗಿಯರ ಮಾತಿಗೇ ಅಂಟಿಕೊಂಡಿತ್ತು. ಅಕ್ಕ ಟೈಲರ್. ಅವಳು ಅಡುಗೆಮನೆಯ ಹಳೇ ಟೈಮರನ್ನು ಆಗಲೇ ರಿಪೇರಿಯವನ ಕೈಗೆ ಕೊಟ್ಟಿದ್ದಳು.

“ಭಾವನೇ ಹೋದ್ಮೇಲೆ ಅದ್ಯಾಕಕ್ಕಾ?”

“ಅವರು ಇದನ್ನ ಇಪ್ಪತ್ತು ನಿಮಿಷಕ್ಕೆ ಇಟ್ಟು ಧ್ಯಾನಕ್ಕೆ ಕೂತಾಗ ಹೊಲಿಗೆ ಮಿಷನ್ ನಿಲ್ಲಿಸ್ತಿದ್ನಲ್ಲ, ಈಗಲೂ ದಿನಾ ಇದನ್ನ ತಿರುಗಿಸಿಟ್ಟು ಮಿಷನ್ ನಿಲ್ಲಿಸ್ತೀನಿ.”

ತಂಗಿ ಮೂಗಿನಿಂದ ಭಾವನ ದನಿ ತೆಗೆದಳು. “‘ಶ್... ಸದ್ದು ಮಾಡ್ಬೇಡ ಕಣೇ, ಒಳಗಡೆ ಬಿಡುಗಡೆ ಆಗ್ತಾ ಇದೆ.’”

ಅಕ್ಕ ನಕ್ಕು ಕಣ್ಣೊರೆಸಿಕೊಂಡಳು.

“ಆ ಇಪ್ಪತ್ತು ನಿಮಿಷ ಏನ್ಮಾಡ್ತೀಯ?”

“ಆಗ ಅವರನ್ನ ಬೈಕೊಂಡು ಕೂತಿರ್ತಿದ್ದೆ. ಈಗ ಬೈಯೋಕೂ ಯಾರೂ ಇಲ್ಲ, ಸುಮ್ನೆ ಕೂತಿರ್ತೀನಿ. ಅಷ್ಟು ಹೊತ್ತು ಎದೆಭಾರ ಇಳಿದಿರತ್ತೆ.”

“ಭಾವ ಹೇಳ್ತಿದ್ದಿದ್ದೂ ಅದನ್ನೇ ಅಲ್ವಾ?”

“ಪಕ್ಕದಲ್ಲಿ ಕೂರು ಬಾ ಅಂತ ಎಷ್ಟು ಸಲ ಕರೆದ್ರು. ಒಂದಿನಾನೂ ಕೂರ್ಲಿಲ್ಲ. ಈಗ ಅವರ ಜಾಗ ಬಿಟ್ಟು ಪಕ್ಕದಲ್ಲಿ ಕೂರ್ತೀನಿ.”

ರಿಪೇರಿಯವನು ತಲೆಯಾಡಿಸಿದ. “ಸ್ಪ್ರಿಂಗೇ ತುಂಡಾಗಿದೆಯಮ್ಮಾ. ಇನ್ನು ಗಂಟೆ ಹೊಡೆಯಲ್ಲ.”

ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡಳು.

“ಮತ್ತೆ ನಾಳೆ, ಕೂತಲ್ಲಿಂದ ಏಳೋ ಹೊತ್ತಾಯ್ತು ಅಂತ ಹೇಗೆ ಗೊತ್ತಾಗತ್ತೆ?” ತಂಗಿ ಕೇಳಿದಳು.

“ಎದ್ದು ಯಾರಿಗೆ ಕಾಫಿ ಕೊಡೋದಿದೆ, ಬಾ,” ಎನ್ನುತ್ತಾ ಅಕ್ಕ ತಂಗಿಯ ಭುಜ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದಳು.