ಸುಧಾಕರನ ಹಳದಿ ದಾರ

ಸಂಜೆ 6.40ಕ್ಕೆ ಹೊನ್ನಾವರದ ನಮ್ಮ ಇಂಟರ್ನೆಟ್ ಕಚೇರಿಯಲ್ಲಿ ಕರೆಂಟು ಹೋಯಿತು. ಹೊರಗೆ ಆಷಾಢದ ಮಳೆ. ಒಳಗೆ ನಾಲ್ಕು ಜನ: ದೂರು ಬರೆದುಕೊಳ್ಳುವ ನಾನು, ಮನೆ ಮನೆಗೆ ವಯರ್ ಎಳೆಯುವ ಪ್ರವೀಣ, ಸೋಮವಾರವಷ್ಟೇ ಕೆಲಸಕ್ಕೆ ಸೇರಿದ ಸುಪ್ರಿಯಾ, ಮತ್ತು ಟೆಲಿಫೋನ್ ಕೆಲಸದಿಂದ ನಿವೃತ್ತರಾಗಿ ನಮಗೆ ಕಲಿಸಲು ಬರುವ ಎಪ್ಪತ್ತೊಂದು ವರ್ಷದ ನಾಗಭೂಷಣ ಮಾವ. ಮೇಣದಬತ್ತಿ ಹುಡುಕುವಾಗ ಪ್ರವೀಣನ ಕಾಲಿಗೆ ನೇತಾಡುವ ವಯರೊಂದು ತೊಡರಿತು. ಅದನ್ನೆತ್ತಿ ಗೋಡೆಯ ಸ್ವಿಚ್ಚಿನ, ಅಂದರೆ ಊರಿನ ಇಂಟರ್ನೆಟ್ ವಯರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯ, ಖಾಲಿ ತೂತಿಗೆ ಸಿಕ್ಕಿಸಿ ಬಂದು ಕುಳಿತ. ಚಾ ಬಂತು. ಮಾವ ಕುರ್ಚಿಯ ಮೇಲೆ ಕಾಲು ಮಡಚಿದರು.

"ದೆವ್ವ ಕತ್ಲೆಲೇ ಬರೂದು ಹೇಳಿ ಯಾರು ಹೇಳಿದ್ರು ನಿಮಗೆ? ನನಗೆ ಗೊತ್ತಿದ್ದ ದೆವ್ವ ಬಂದದ್ದು ಹಗಲು ಹನ್ನೊಂದು ಗಂಟೆಗೆ... ಅದೂ ಮದ್ವೆಗೆ.

"ಕಾಯ್ಕಿಣಿಯ ಸುಧಾಕರ ನನ್ನ ಜೊತೆ ಲೈನ್‌ಮ್ಯಾನ್ ಆಗಿದ್ದ. ಕೆಟ್ಟ ವಯರ್ ಸಿಕ್ತು ಅಂದ್ರೆ ಅದಕ್ಕೊಂದು ಹಳದಿ ದಾರ ಕಟ್ಟೂದು ಅವನ ಪದ್ಧತಿ. ಮೂರು ಸುತ್ತು, ಒಂದು ಗಂಟು, ಆಮೇಲೆ ತುದಿ ಹಲ್ಲಲ್ಲಿ ಕಡಿಯೂದು. ಕತ್ರಿ ಕೊಟ್ರೂ ಬೇಡ! ಮುಂದಿನ ಒಂದು ಹಲ್ಲು ಇರ್ಲಿಲ್ಲ ನೋಡು, ಹಾಗಾಗಿ ತುದಿ ಯಾವಾಗ್ಲೂ ಎರಡಾಗಿ ಸೀಳಿರ್ತಿತ್ತು. ಹತ್ತು ವರ್ಷದ ಹಿಂದೆ ತೀರಿಕೊಂಡ.

"ಹೋದ ವರ್ಷ ಮೇ ತಿಂಗಳಲ್ಲಿ ಅವನ ಮಗಳು ಮಾಲಿನಿಯ ಮದ್ವೆ, ಅಲ್ಲೇ ಸೊಸೈಟಿ ಸಭಾಭವನದಲ್ಲಿ, ವರ ಕುಮಟಾದವ. ಮಗ ಸಂತೋಷ ಹಡಗಿನ ಕೆಲಸದವ, ಕಾಂಡ್ಲಾ ಬಂದರಿನಲ್ಲಿ ಸಿಕ್ಕಿಬಿದ್ದಿದ್ದ, ರಜೆ ಇಲ್ಲ. 'ಅಮಾ, ತಾಳಿ ಕಟ್ಟೂದನ್ನಾದ್ರೂ ವಿಡಿಯೋದಲ್ಲಿ ತೋರ್ಸಿ' ಹೇಳಿ ಅಳು. ಸಭಾಭವನದ ಸುತ್ತ ತೆಂಗಿನ ತೋಪು, ಅಲ್ಲಿ ಮೊಬೈಲಿಗೆ ಸಿಗ್ನಲ್ ಬತ್ತದಾ? ಇಲ್ಲ. ಸೊಸೈಟಿಯ ನೆಟ್ಟೇ ಗತಿ. ಮುಹೂರ್ತ 11.20ಕ್ಕೆ. 11.16ಕ್ಕೆ ನೆಟ್ ಹೋತು!

"ಸುಧಾಕರನ ಹೆಂಡ್ತಿ ದೇವಿ, ಮಂಟಪದಿಂದಲೇ ಕೂಗಿದ್ಲು, 'ನಾಗಭೂಷಣಣ್ಣ, ನೀವು ಊಟಕ್ಕೆ ಮಾತ್ರ ಬಂದದ್ದಾ?' ನಾನು ಸ್ವಿಚ್ಚಿನ ಪೆಟ್ಟಿಗೆಗೆ ಓಡಿದೆ. ಬಾಗಿಲು ತೆಗೆದ್ರೆ ಎಂತ ಕಂಡೆ? ಇಪ್ಪತ್ನಾಲ್ಕು ತೂತು, ಇಪ್ಪತ್ತೆರಡು ವಯರ್, ಒಂದಕ್ಕೂ ಹೆಸರಿನ ಚೀಟಿ ಇಲ್ಲ... ದೀಪ ಎಲ್ಲ ಒಟ್ಟಿಗೇ ಪಟಪಟ ಹೊಡ್ಕೊಳ್ತಾ ಅವೆ. ಹಾಗೆ ಹೊಡ್ಕೊಂಡ್ರೆ ಎಂತ ಅರ್ಥ, ತಂಗಿ?"

"ಲೂಪ್ ಆಗಿದೆ ಹೇಳಿ," ಎಂದಳು ಸುಪ್ರಿಯಾ. "ಒಂದೇ ವಯರಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ."

"ಹಾಂ! ಮಾತು ಹೊರಗೆ ಹೋಗೂದೇ ಇಲ್ಲ, ಒಳಗೇ ಸುತ್ತು ಹೊಡೀತದೆ. ಮಂಟಪ ಸಿಂಗರಿಸೂಕೆ ಬಂದವ, ವಯರ್ ನೇತಾಡೂದು ಫೋಟೋದಲ್ಲಿ ಚಂದ ಕಾಣೂದಿಲ್ಲ ಹೇಳಿ, ಬಿದ್ದ ತುದಿಯನ್ನು ಖಾಲಿ ತೂತಿಗೆ ಹಾಕಿದ್ದ."

ಪ್ರವೀಣ ಚಾ ಲೋಟ ಕೆಳಗಿಟ್ಟ.

"ಒಂದು ಎಳೆದೆ, ಅಲ್ಲ. ಎರಡು, ಅಲ್ಲ. ಮೂರು, ನಾಲ್ಕು... ಆ ಕಡೆ ಭಟ್ರು ಮಂತ್ರ ಜೋರು ಮಾಡಿದ್ರು. ಬೆವರು ಕಣ್ಣಿಗಿಳೀತು. ಕನ್ನಡಕ ತೆಗೆದು ಒರೆಸಿದೆ, ಅಷ್ಟೇ, ಮತ್ತೆ ಹಾಕ್ಕೊಂಡು ನೋಡ್ತೆ... ಹದಿನೇಳನೇ ವಯರಿಗೆ ಹಳದಿ ದಾರ! ಮೂರು ಸುತ್ತು. ಒಂದು ಗಂಟು. ತುದಿ ಎರಡಾಗಿ ಸೀಳಿತ್ತು. ಮುಟ್ಟಿದ್ರೆ... ಒದ್ದೆ. ಆಗ ಕಡಿದದ್ದು.

"ಎಳೆದೆ. ದೀಪ ಎಲ್ಲ ತಣ್ಣಗಾದವು. ಪರದೆಯ ಮೇಲೆ ಸಂತೋಷನ ಮುಖ ಬಂತು, ಹಿಂದೆ ಹಡಗಿನವರೆಲ್ಲ ನಿಂತು ಶಿಳ್ಳೆ ಹೊಡೀತಾ ಇದ್ರು, ಈಚೆ ಮಾಲಿನಿ ಅಳ್ತಾ ನಗ್ತಾ ತಾಳಿ ಕಟ್ಟಿಸಿಕೊಂಡ್ಲು. ಆಮೇಲೆ ದೇವಿಗೆ ದಾರ ತೋರ್ಸಿದೆ. ಹೆದ್ರೂದು ಬಿಟ್ಟು ಹೊಟ್ಟೆ ಹಿಡ್ಕೊಂಡು ನಗಾಡಿದ್ಲು. 'ಬದುಕಿದ್ದಾಗ ಒಂದು ಮದ್ವೆಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ, ಲೈನು ಕೆಟ್ಟದೆ, ಲೈನು ಕೆಟ್ಟದೆ! ಮಗಳದ್ದಕ್ಕೆ ಮಾತ್ರ ಮುಟ್ಟಿದ್ರು ನೋಡಿ' ಹೇಳಿ ಊಟಕ್ಕೆ ಅವನ ಹೆಸರಲ್ಲಿ ಒಂದು ಎಲೆ ಹೆಚ್ಚು ಹಾಕ್ಸಿದ್ಲು. ಪಾಯಸ ಎರಡು ಸಲ."

"ಪಾಯಸ ಖಾಲಿ ಆತಾ ಮಾವ?" ಎಂದ ಪ್ರವೀಣ. ಎಲ್ಲರೂ ನಕ್ಕೆವು.

"ಅದನ್ನು ನಾನು ನೋಡೂಕೆ ಹೋಗ್ಲಿಲ್ಲ, ತಮಾ. ಒಂದು ಮಾತ್ರ ಹೇಳ್ತೆ... ಅವ ಇನ್ನೂ ಕೆಲಸ ಬಿಟ್ಟವನಲ್ಲ."

7.10ಕ್ಕೆ ಕರೆಂಟು ಬಂತು. ಎರಡು ನಿಮಿಷದಲ್ಲಿ ಮೂರು ಫೋನ್ ಬಂದವು. ಯಾರಿಗೂ ನೆಟ್ ಇಲ್ಲ. ಗೋಡೆಯ ಸ್ವಿಚ್ಚಿನಲ್ಲಿ ದೀಪಗಳೆಲ್ಲ ಒಟ್ಟಿಗೇ ಮಿನುಗುತ್ತಿದ್ದವು. ಪ್ರವೀಣ ತಲೆ ಕೆರೆದುಕೊಂಡ. ಯಾವ ತೂತಿಗೆ ಹಾಕಿದ್ದೆಂದು ಅವನಿಗೆ ನೆನಪಿರಲಿಲ್ಲ.

"ಹೋಗು ತಂಗಿ," ಎಂದರು ಮಾವ, ಕುಳಿತಲ್ಲಿಂದಲೇ. "ದಾರ ಇದ್ದದ್ದನ್ನು ಎಳಿ."

ಸುಪ್ರಿಯಾ ಸ್ವಿಚ್ಚಿನ ಮುಂದೆ ಬಾಗಿದಳು, ಒಂಬತ್ತನೇ ವಯರ್ ಎಳೆದಳು. ದೀಪಗಳು ತಣ್ಣಗಾದವು. ಅವಳು ತಿರುಗಿ, ಒದ್ದೆಯಾದ ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

7.14ಕ್ಕೆ ಮೂರೂ ದೂರುಗಳನ್ನು ಮುಗಿದವೆಂದು ಬರೆದುಕೊಂಡೆ.