ತೂಬಿನ ಕಡೆಯಿಂದ ಬಂದ ಕೂಗು

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳುತ್ತೇನೆ. ಇದು ಆದದ್ದು ನಮ್ಮ ದೊಡ್ಡಪ್ಪನ ಮಗನಿಗೆ, ಬೇರೆ ಯಾರಿಗೋ ಅಲ್ಲ.

ಬೆಟ್ಟಗಳ ನಡುವೆ, ಎತ್ತರದ ಕಣಿವೆಯಲ್ಲಿ ಅವನ ಊರು. ಹನ್ನೊಂದೇ ಮನೆ, ಹಿಮ ಕರಗಿ ಬರುವ ಒಂದೇ ಕಾಲುವೆ. ಪ್ರತಿ ಹೊಲಕ್ಕೂ ಹನ್ನೊಂದು ದಿನಕ್ಕೊಂದು ರಾತ್ರಿ ನೀರಿನ ಸರದಿ. ಒಬ್ಬ ಮೇಲೆ ತೂಬಿನ ಹಲಗೆ ಎತ್ತಿ "ಬಂತಾ?" ಎಂದು ಕೂಗಬೇಕು. ಕೆಳಗೆ ಹೊಲದಲ್ಲಿದ್ದವನು "ಬಂತು" ಅನ್ನಬೇಕು. ಒಬ್ಬನೇ ಹೋಗುವ ಹಾಗಿಲ್ಲ.

ತನ್ನ ಸರದಿಯ ಆ ರಾತ್ರಿ ಅಣ್ಣ ಒಬ್ಬನೇ ಹೋದ. ಜೊತೆಗೆ ಬರಬೇಕಾದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನ ಮೇಲೇ ಅನುಮಾನ! ಎರಡು ಸರದಿ ನೀರು ಅರ್ಧಕ್ಕೇ ನಿಂತಿತ್ತು. ಹಲಗೆ ಇಳಿಸುವವನು ಷಡ್ಡಕನೇ ಅಂತ ಅಣ್ಣ ಊರೆಲ್ಲ ಟಾಂಟಾಂ ಹೊಡೆದಿದ್ದ. ಗೋಧಿ ತೆನೆ ಹಾಲುಗಟ್ಟುವ ಹೊತ್ತು. ಈ ಸರದಿಯೂ ತಪ್ಪಿದರೆ ಮನೆಮಂದಿಯ ವರ್ಷದ ಊಟ ಹೋದ ಹಾಗೆ.

ಹಲಗೆ ಎತ್ತಿಟ್ಟು, ಹಾಳುಬಾವಿ ದಾಟಿ ಹೊಲಕ್ಕಿಳಿದ. ಗುಳುಗುಳು ಅಂತ ನೀರು ಬಂತು. ಅಷ್ಟರಲ್ಲಿ ಮೇಲಿಂದ...

"ಬಂತಾ?"

ಷಡ್ಡಕನ ಧ್ವನಿ. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಭ್ಯಾಸ ನೋಡಿ, ಬಾಯಿ "ಬಂತು" ಅಂದೇಬಿಟ್ಟಿತು. ಧಡ್... ಹಲಗೆ ಬಿದ್ದ ಸದ್ದು. ನೀರು ನಿಂತಿತು.

ಸನಿಕೆ ಹಿಡಿದು ಮೇಲೇರಿದ. ತೂಬಿನ ಹತ್ತಿರ ನರಪಿಳ್ಳೆಯೂ ಇಲ್ಲ. ಸಿಟ್ಟಲ್ಲಿ ಹಲಗೆಯನ್ನೂ ಎತ್ತದೆ ಸೀದಾ ಹೋಗಿ ಷಡ್ಡಕನ ಮನೆ ಬಾಗಿಲು ದಬದಬ ಬಡಿದ. ನಾದಿನಿ ತೆರೆದಳು.

"ಮೆಲ್ಲಗೆ ಭಾವ... ಸಂಜೆಯಿಂದ ಜ್ವರ ಅವರಿಗೆ. ಎದ್ದು ನಿಲ್ಲೋಕೂ ಆಗ್ತಿಲ್ಲ."

ಷಡ್ಡಕ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ. "ಅಣ್ಣಾ, ನನ್ನ ಸರದೀಲೂ ನೀರು ನಿಂತಿತ್ತು. ನೀವೇ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

ಅಣ್ಣನಿಗೆ ನಾಚಿಕೆಯಾಯಿತು. ಏನೋ ಹೇಳಲು ಬಾಯಿ ತೆರೆದ. ಆಗ, ತೂಬಿನ ಕಡೆಯಿಂದ...

"ಬಂತಾ...?"

ನಾದಿನಿ ಸರಕ್ಕನೆ ಬಾಗಿಲು ಹಾಕಿದಳು.

"ನಿನ್ನ ಧ್ವನಿ," ಅಣ್ಣ ಪಿಸುಗುಟ್ಟಿದ.

"ಅಲ್ಲ ಅಣ್ಣಾ... ನಿಮ್ಮದು. ಮಾತಾಡಬೇಡಿ. ಉತ್ತರ ಕೊಡಬಾರದು."

"ಆಗಲೇ ಒಂದ್ಸಲ ಕೊಟ್ಟುಬಿಟ್ಟೆ ಕಣೋ..."

ಬೆಳಗಾಗುವವರೆಗೆ ಬಾಗಿಲಿಗೆ ಒನಕೆ ಅಡ್ಡ ಕೊಟ್ಟು ಕೂತರು. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ, ಅಣ್ಣನ ಹೊಲ ಮೂಲೆಮೂಲೆಗೂ ನೀರು ಕುಡಿದು ತಣ್ಣಗೆ ಮಲಗಿತ್ತು. ಕಾಲುವೆ ಮಾತ್ರ ತೂಬಿನಿಂದ ಹೊಲದವರೆಗೆ ಒಣಗಿ ಬಿರಿದಿತ್ತು. ಸುಳ್ಳಾದರೆ ನನ್ನ ಮುಖಕ್ಕೆ ಉಗಿಯಿರಿ. ಸುದ್ದಿ ಕೇಳಿ ಅದೇ ಬೆಳಿಗ್ಗೆ ಓಡಿಹೋಗಿ, ಆ ಕಾಲುವೆಯೊಳಗೆ ಬರಿಗಾಲಲ್ಲಿ ನಡೆದವನು ನಾನು. ಅಂಗಾಲಿಗೆ ಅಂಟಿದ್ದು ಬರೀ ಧೂಳು.